ಪೀಟ್ ಎಂದರೆ ಮೊದಲು ಮಣ್ಣಲ್ಲ, ಒಂದು ತುಂಡು

ಪ್ರಶ್ನೆ: ನಾವು ತಿಪಟೂರಿನವರು. ತಾರಸಿಯಲ್ಲಿ ಗಿಡ ಬೆಳೆಸುತ್ತೇನೆ. ಕೋಕೋಪೀಟ್ ಇಟ್ಟಿಗೆಯನ್ನು ನೀರಲ್ಲಿ ನೆನೆಹಾಕುವಾಗ ಮಗಳು ಕೇಳಿದಳು, "ಕೋಕೋ ಅಂದ್ರೆ ತೆಂಗು, ಸರಿ. ಪೀಟ್ ಅಂದ್ರೆ ಏನಮ್ಮಾ?" ನನಗೆ ಹೇಳಲು ಆಗಲಿಲ್ಲ. ಅವಳ ಭೂಗೋಳದ ಪುಸ್ತಕದಲ್ಲಿ ಪೀಟ್ ಎಂದರೆ ಕಲ್ಲಿದ್ದಲಿನ ಒಂದು ಬಗೆ ಎಂದಿದೆ. ಎರಡೂ ಒಂದೇ ಪದವಾ? ಕೋಕೋಪೀಟ್ ಪುಡಿಪುಡಿಯಾಗಿ ಇರುವುದರಿಂದ, ನಮ್ಮ 'ಹಿಟ್ಟು' ಪದದ ಹಳೆಯ ರೂಪ 'ಪಿಟ್ಟು'ವಿಗೂ ಇದಕ್ಕೂ ನಂಟಿದೆಯೇ ಎಂಬ ಅನುಮಾನವೂ ಬಂತು. ಕನ್ನಡದಲ್ಲಿ ಇದಕ್ಕೆ ಏನನ್ನಬೇಕು?

ಉತ್ತರ: ಪದ ಒಂದೇ, ವಸ್ತು ಬೇರೆ. ಪುಸ್ತಕದ ಪೀಟ್ ಜೌಗಿನಲ್ಲಿ ಹುಟ್ಟಿದ್ದು. ನಿಮ್ಮ ತಾರಸಿಯ ಕೋಕೋಪೀಟ್ ತೆಂಗಿನ ಸಿಪ್ಪೆಯಲ್ಲಿ ಹುಟ್ಟಿದ್ದು. 'ಪಿಟ್ಟು'ವಿನ ನಂಟು ಇಲ್ಲ. ಆದರೆ ನಿಮ್ಮ ಅನುಮಾನವನ್ನು ಸುಮ್ನೆ ತಳ್ಳಿಹಾಕುವಂತಿಲ್ಲ. ಏಕೆ ಇಲ್ಲ ಎಂದು ನೋಡುತ್ತಾ ಹೋದರೆ ಈ ಪದದ ಕಥೆಯೇ ಬಿಚ್ಚಿಕೊಳ್ಳುತ್ತದೆ.

ಮೊದಲು ವಸ್ತುವನ್ನು ನೋಡೋಣ. ತಿಪ್ಪೆಗೆ ಹಾಕಿದ ಕಸಕಡ್ಡಿ ಒಂದು ವರ್ಷದಲ್ಲಿ ಗೊಬ್ಬರವಾಗುತ್ತದೆ. ಅಲ್ಲಿ ಗಾಳಿ ಆಡುತ್ತದೆ, ಬಿಸಿ ಇರುತ್ತದೆ, ಕೊಳೆಸುವ ಸೂಕ್ಷ್ಮಜೀವಿಗಳು ಚುರುಕಾಗಿ ಕೆಲಸ ಮಾಡುತ್ತವೆ. ಸ್ಕಾಟ್ಲೆಂಡ್, ಐರ್ಲೆಂಡ್, ಫಿನ್ಲೆಂಡ್‌ನಂಥ ಚಳಿಯ ನಾಡುಗಳ ಜೌಗಿನಲ್ಲಿ ಹಾಗಲ್ಲ. ವರ್ಷಪೂರ್ತಿ ನೀರು ನಿಂತಿರುತ್ತದೆ. ಕೆಳಗೆ ಗಾಳಿಯೇ ಇಳಿಯುವುದಿಲ್ಲ. ಅಲ್ಲಿ ಬೆಳೆಯುವ ಸ್ಫ್ಯಾಗ್ನಮ್ ಎಂಬ ಪಾಚಿ ಸುತ್ತಲಿನ ನೀರನ್ನು ಹುಳಿ ಮಾಡುತ್ತದೆ. ಹೀಗಾಗಿ ಸತ್ತ ಗಿಡ ಪೂರ್ತಿ ಕೊಳೆಯುವುದಿಲ್ಲ. ಅರ್ಧ ಕೊಳೆತು ಹಾಗೇ ಉಳಿಯುತ್ತದೆ. ಅದರ ಮೇಲೆ ಇನ್ನೊಂದು ಪದರ, ಅದರ ಮೇಲೆ ಮತ್ತೊಂದು. ವರ್ಷಕ್ಕೆ ಸುಮಾರು 1 ಮಿಲಿಮೀಟರ್. ಒಂದು ಮೀಟರ್ ಆಗಬೇಕಾದರೆ ಸಾವಿರ ವರ್ಷ. ಈ ಕಂದು-ಕಪ್ಪು ಒಟ್ಟಿಲೇ ಪೀಟ್. ಅದನ್ನು ಮಣ್ಣು ಎಂದು ಕರೆದರೂ ಅದರಲ್ಲಿ ಇರುವುದು ಜಾಸ್ತಿ ಗಿಡವೇ.

ಅದು ಎಷ್ಟು ಚೆನ್ನಾಗಿ ಕಾಪಾಡುತ್ತದೆ ಎನ್ನುವುದಕ್ಕೆ ಒಂದು ಘಟನೆ ಹೇಳುತ್ತೇನೆ. 1950ರಲ್ಲಿ ಡೆನ್ಮಾರ್ಕ್‌ನ ಸಿಲ್ಕೆಬೋರ್ಗ್ ಊರಿನ ಹತ್ತಿರ ಒಲೆಗೆಂದು ಪೀಟ್ ಕಡಿಯುತ್ತಿದ್ದವರಿಗೆ ಒಂದು ಹೆಣ ಸಿಕ್ಕಿತು. ತಲೆಯ ಮೇಲೆ ಚರ್ಮದ ಟೋಪಿ, ಗಲ್ಲದ ಮೇಲೆ ಕುರುಚಲು ಗಡ್ಡ, ಕುತ್ತಿಗೆಗೆ ಬಿಗಿದ ಹಗ್ಗ. ಇತ್ತೀಚೆಗೆ ಆದ ಕೊಲೆ ಎಂದುಕೊಂಡು ಪೊಲೀಸರಿಗೆ ಹೇಳಿ ಕಳಿಸಿದರು. ಆ ಮನುಷ್ಯ ಸತ್ತು ಸುಮಾರು 2,400 ವರ್ಷ ಆಗಿತ್ತು. ಟೊಲುಂಡ್ ಮನುಷ್ಯ ಎಂದು ಅವನನ್ನು ಈಗಲೂ ಸಿಲ್ಕೆಬೋರ್ಗ್ ಮ್ಯೂಸಿಯಂನಲ್ಲಿ ನೋಡಬಹುದು.

"ಒಲೆಗೆಂದು ಕಡಿಯುತ್ತಿದ್ದವರು" ಎಂದೆನಲ್ಲ, ನಮ್ಮ ಪದದ ಗುಟ್ಟು ಅಲ್ಲೇ ಇದೆ. ಸೌದೆ ಇಲ್ಲದ ನಾಡಿನಲ್ಲಿ ಜನ ಏನನ್ನು ಉರಿಸಬೇಕು? ಕ್ರಿ.ಶ. ಒಂದನೇ ಶತಮಾನದಲ್ಲಿ ರೋಮಿನ ಲೇಖಕ ಪ್ಲಿನಿ ಉತ್ತರ ಸಮುದ್ರದ ಕರಾವಳಿಯ ಚೌಕಿ ಎಂಬ ಜನರ ಬಗ್ಗೆ ಬರೆದಿದ್ದಾನೆ. ಅವರು ಕೆಸರನ್ನು ಕೈಯಲ್ಲಿ ಎತ್ತಿ, ಬಿಸಿಲಿಗಿಂತ ಗಾಳಿಯಲ್ಲೇ ಜಾಸ್ತಿ ಒಣಗಿಸಿ, ಆ ಮಣ್ಣನ್ನು ಉರಿಸಿ ಅಡುಗೆ ಮಾಡುತ್ತಿದ್ದರಂತೆ, ಮೈ ಕಾಯಿಸಿಕೊಳ್ಳುತ್ತಿದ್ದರಂತೆ. ಮಣ್ಣು ಉರಿಯುತ್ತದೆ ಎನ್ನುವುದು ಅವನಿಗೆ ದೊಡ್ಡ ಅಚ್ಚರಿ. ಪ್ಲಿನಿಗೆ 'ಪೀಟ್' ಎಂಬ ಪದ ಗೊತ್ತಿರಲಿಲ್ಲ. ಅದು ಬರಹದಲ್ಲಿ ಕಾಣಿಸಿಕೊಳ್ಳುವುದು ಅವನಾದ ಮೇಲೆ ಸಾವಿರಕ್ಕೂ ಹೆಚ್ಚು ವರ್ಷಕ್ಕೆ.

ಸುಮಾರು 1200ರ ಹೊತ್ತಿಗೆ ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡಿನ ಉತ್ತರ ಭಾಗದ ದಾಖಲೆಗಳಲ್ಲಿ 'ಪೆಟಾ' ಎಂಬ ಪದ ಬರುತ್ತದೆ. ಆಗ ಇಂಥ ಪತ್ರಗಳನ್ನು ಲ್ಯಾಟಿನ್‌ನಲ್ಲಿ ಬರೆಯುತ್ತಿದ್ದರು. ಹಾಗಾಗಿ ಊರ ಜನರ ಬಾಯಿಯ ಮಾತಿಗೆ ಲ್ಯಾಟಿನ್ ಬಾಲ ಹಚ್ಚಿದ್ದಾರೆ. ಪೀಟ್ ಕಡಿಯುವ ಜಾಗಕ್ಕೆ 'ಪೆಟಾರಿಯಾ' ಎಂದಿದ್ದಾರೆ. ಇಲ್ಲಿ ಗಮನಿಸಬೇಕಾದ್ದು ಅರ್ಥ. ಪೆಟಾ ಎಂದರೆ ಜೌಗಿನ ಮಣ್ಣಲ್ಲ. ಉರಿಸಲಿಕ್ಕೆಂದು ಕಡಿದು ತೆಗೆದ ಒಂದು ತುಂಡು.

ಇದು ನಮಗೆ ಬೇಗ ಅರ್ಥವಾಗಬೇಕು. ಅಂಗಡಿಯಲ್ಲಿ ಹೋಮಕ್ಕೆ ಯಾರೂ "ಎರಡು ಸಗಣಿ ಕೊಡಿ" ಎಂದು ಕೇಳುವುದಿಲ್ಲ. "ಎರಡು ಬೆರಣಿ ಕೊಡಿ" ಎನ್ನುತ್ತಾರೆ. ಉತ್ತರ ಕರ್ನಾಟಕದ ಕಡೆ ಕುಳ್ಳು ಎನ್ನುತ್ತಾರೆ. ಸಗಣಿ ವಸ್ತು, ಬೆರಣಿ ತಟ್ಟಿ ಒಣಗಿಸಿದ ತುಂಡು. ಪೀಟ್ ಎನ್ನುವುದು ಹುಟ್ಟಿದಾಗ ಬೆರಣಿಯಂಥ ಪದ, ಸಗಣಿಯಂಥದ್ದಲ್ಲ. ಅದನ್ನು ಎಣಿಸಬಹುದಿತ್ತು. ಒಂದು ಪೀಟ್, ಹತ್ತು ಪೀಟ್, ಒಂದು ಗಾಡಿ ಪೀಟ್. ಸ್ಕಾಟ್ಲೆಂಡಿನ ದ್ವೀಪಗಳಲ್ಲಿ ಈಗಲೂ ಅದನ್ನು ಬಹುವಚನದಲ್ಲೇ ಆಡುತ್ತಾರೆ. ಪೀಟ್‌ಗಳನ್ನು ಕಡಿದರು, ಪೀಟ್‌ಗಳನ್ನು ಮನೆಗೆ ತಂದರು ಎನ್ನುವ ಹಾಗೆ. ವಸ್ತುವಿಗೇ ಆ ಹೆಸರು ಅಂಟಿಕೊಂಡದ್ದು ಆಮೇಲೆ.

ಕಡಿಯುವ ಕೆಲಸವನ್ನು ಕಣ್ಣ ಮುಂದೆ ತಂದುಕೊಂಡರೆ ಹೀಗೇಕೆ ಎಂದು ಗೊತ್ತಾಗುತ್ತದೆ. ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದಲ್ಲಿ ಚಳಿ ಇಳಿದು ವಸಂತ ಬಂದಾಗ ಕೆಲಸ ಶುರು. ಮೊದಲು ಮೇಲಿನ ಹುಲ್ಲಿನ ಪದರವನ್ನು ಸುಲಿದು ತೆಗೆಯುತ್ತಾರೆ. ಒಬ್ಬರು ಉದ್ದ ಹಿಡಿಯ, ಪಕ್ಕಕ್ಕೆ ಚಾಚಿದ ಅಲಗಿನ ಗುದ್ದಲಿಯಿಂದ ಇಟ್ಟಿಗೆಯಂತೆ ಕತ್ತರಿಸುತ್ತಾರೆ. ಇನ್ನೊಬ್ಬರು ಆ ತುಂಡನ್ನು ಕೈಯಲ್ಲಿ ಹಿಡಿದು ದಡಕ್ಕೆ ಹಾಕುತ್ತಾರೆ. ಹಸಿ ತುಂಡಿನಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರು. ಸ್ವಲ್ಪ ಗಟ್ಟಿಯಾದ ಮೇಲೆ ನಾಲ್ಕಾರು ತುಂಡುಗಳನ್ನು ಒಂದಕ್ಕೊಂದು ಒರಗಿಸಿ ಗೂಡಿನ ಹಾಗೆ ನಿಲ್ಲಿಸುತ್ತಾರೆ, ನಡುವೆ ಗಾಳಿ ಆಡಲಿ ಎಂದು. ಪೂರ್ತಿ ಒಣಗಿದ ಮೇಲೆ ಮನೆಯ ಪಕ್ಕಕ್ಕೆ ತಂದು ಒಟ್ಟುತ್ತಾರೆ. ನಮ್ಮಜ್ಜಿ ಗೋಡೆಗೆ ಬೆರಣಿ ತಟ್ಟಿ, ಒಣಗಿದ್ದನ್ನು ಮಳೆಗಾಲಕ್ಕೆ ಮೊದಲು ಒಟ್ಟಿ ಮುಚ್ಚಿಡುತ್ತಿದ್ದರು. ಲೂಯಿಸ್‌ನ ಹಳೆಯ ಫೋಟೋಗಳಲ್ಲಿ ಮನೆಯೆತ್ತರದ ಪೀಟ್ ಒಟ್ಟಿಲು ನೋಡಿದಾಗಲೆಲ್ಲ ನನಗೆ ಆ ಬೆರಣಿಯ ಒಟ್ಟಿಲು ನೆನಪಾಗುತ್ತದೆ. ವರ್ಷದ ಒಲೆಯನ್ನು ತುಂಡುತುಂಡಾಗಿ ಎಣಿಸಿ ಕೂಡಿಟ್ಟವರು ಇಟ್ಟ ಹೆಸರು ಇದು.

ಈಗ ನಿಮ್ಮ 'ಪಿಟ್ಟು'ವಿಗೆ ಬರೋಣ. ಎರಡು ಪದಗಳಿಗೆ ನಂಟಿದೆ ಎನ್ನಬೇಕಾದರೆ ಸದ್ದು ಹೋಲುವುದು ಸಾಲದು. ಪದದ ಮೊದಲ ಅರ್ಥ ಏನಿತ್ತು, ಅದು ಮೊದಲು ಎಲ್ಲಿ ಕಾಣಿಸಿತು ಎಂಬುದೂ ಕೂಡಬೇಕು. ಪೀಟ್‌ನ ಮೊದಲ ಅರ್ಥ ಇಟ್ಟಿಗೆಯಂಥ ತುಂಡು, ಪುಡಿಯಲ್ಲ. ಪುಡಿ ಎಂಬ ಭಾವನೆ ಬಂದದ್ದು ನಮ್ಮ ಕಾಲದ ತೋಟದ ಚೀಲಗಳಿಂದ. ಹುಟ್ಟಿದ ಜಾಗವಂತೂ ಸ್ಕಾಟ್ಲೆಂಡಿನ ಸುತ್ತಮುತ್ತ. ಇಂಗ್ಲಿಷಿನಲ್ಲೇ ಗುಂಡಿ ಎಂಬರ್ಥದ 'ಪಿಟ್' ಇದೆಯಲ್ಲ, ಅದರಿಂದಲೂ ಪೀಟ್ ಬಂದಿಲ್ಲ. ಅದು ಬಾವಿ ಎಂಬರ್ಥದ ಲ್ಯಾಟಿನ್ ಪದ 'ಪುತೆಯುಸ್'ನಿಂದ ಬಂದದ್ದು.

ಹಾಗಾದರೆ ಪೀಟ್ ಎಲ್ಲಿಂದ ಬಂತು? ಐರಿಷ್, ವೇಲ್ಸ್‌ನ ಭಾಷೆ ಸೇರಿದ ಕೆಲ್ಟಿಕ್ ಗುಂಪಿನ ಭಾಷೆಗಳಿಂದ ಇರಬೇಕು ಎನ್ನುವುದು ಪದಗಳ ಮೂಲ ಹುಡುಕುವವರ ಒಳ್ಳೆಯ ಊಹೆ. ಆ ಗುಂಪಿನಲ್ಲಿ 'ಪೆಟ್' ಎಂಬ ಹಳೆಯ ಬೇರು ಇದೆ. ಅರ್ಥ: ತುಂಡು, ಪಾಲು. ವೇಲ್ಸ್‌ನ ಭಾಷೆಯಲ್ಲಿ ಈಗಲೂ ವಸ್ತು, ಸ್ವಲ್ಪ ಎಂಬರ್ಥದಲ್ಲಿ 'ಪೇಥ್' ಇದೆ. ಸ್ಕಾಟ್ಲೆಂಡಿನ ಪೂರ್ವ ಭಾಗದಲ್ಲಿ ಪಿಟ್‌ಲಾಖ್ರಿ, ಪಿಟನ್‌ವೀಮ್ ಎಂಬಂಥ ಊರುಗಳು ನೂರಾರು. ಅಲ್ಲಿನ 'ಪಿಟ್' ಎಂದರೆ ಪಾಲಿಗೆ ಬಂದ ತುಂಡು ಜಮೀನು. ಅದು ಪಿಕ್ಟ್ ಎಂಬ ಜನರ ಮಾತು. ಆ ಭಾಷೆ ಆಡುವವರಿಲ್ಲದೆ ಹೋಗಿ ಹೆಚ್ಚುಕಡಿಮೆ ಸಾವಿರ ವರ್ಷವಾಯಿತು. ಊರ ಹೆಸರುಗಳಲ್ಲಿ ಮಾತ್ರ ಉಳಿದುಕೊಂಡಿದೆ.

ಕೆಲ್ಟಿಕ್ ಎಂದ ಕೂಡಲೇ ಐರ್ಲೆಂಡ್ ನೆನಪಾಗುತ್ತದೆ, ಅಲ್ವಾ? ಪೀಟ್‌ಗೆ ಹೆಸರಾದ ನಾಡೂ ಅದೇ. ಆದರೂ ಈ ಪದ ಐರಿಷ್‌ನಿಂದ ಬಂದಿರಲಾರದು. ಕಾರಣ ಸ್ವಾರಸ್ಯವಾಗಿದೆ. ನಮ್ಮ 'ಕಿವಿ' ತಮಿಳಿನಲ್ಲಿ 'ಚೆವಿ'. ಹಳಗನ್ನಡದ 'ಕೆಯ್' (ಗೆಯ್) ತಮಿಳಿನಲ್ಲಿ 'ಚೆಯ್'. ಕನ್ನಡ ಕಕಾರವನ್ನು ಉಳಿಸಿಕೊಂಡಿತು, ತಮಿಳು ಅದನ್ನು ಚಕಾರ ಮಾಡಿಕೊಂಡಿತು. ಕೆಲ್ಟಿಕ್ ಮನೆಯಲ್ಲೂ ಹೀಗೇ ಒಂದು ಒಡಕು ಆಯಿತು. ಒಂದು ಹಳೆಯ ಸದ್ದು ಐರಿಷ್ ಕಡೆ ಕಕಾರವಾಯಿತು, ವೇಲ್ಸ್ ಮತ್ತು ಪಿಕ್ಟ್ ಕಡೆ ಪಕಾರವಾಯಿತು. ತಲೆಗೆ ಐರಿಷ್‌ನಲ್ಲಿ 'ಕ್ಯಾನ್', ವೇಲ್ಸ್‌ನಲ್ಲಿ 'ಪೆನ್'. ಪೇಥ್‌ಗೆ ಐರಿಷ್‌ನ ಜೋಡಿ ಪದ 'ಕಿದ್', ಅರ್ಥ ಪಾಲು. ಐರಿಷ್‌ನಿಂದ ಬಂದಿದ್ದರೆ ಪೀಟ್‌ನ ಮೊದಲಲ್ಲಿ ಕಕಾರ ಇರಬೇಕಿತ್ತು. ಪಕಾರ ಇದೆ, ಮೊದಲ ದಾಖಲೆಗಳೂ ಪಿಕ್ಟ್ ಮತ್ತು ಹಳೆಯ ಬ್ರಿಟನ್ ಭಾಷೆಗಳು ಇದ್ದ ಕಡೆಯವು. ಸದ್ದು, ಅರ್ಥ, ಜಾಗ ಮೂರೂ ಕೂಡುತ್ತವೆ. ನನಗೆ ಈ ವಾದ ಒಪ್ಪಿಗೆಯಾಗುವುದು ಅದಕ್ಕೇ.

ಇದೇ ಬೇರು ಇನ್ನೊಂದು ದಾರಿಯಲ್ಲಿ ನಿಮ್ಮ ಮನೆಗೂ ಬಂದಿದೆ. ಈಗಿನ ಫ್ರಾನ್ಸ್ ಇರುವಲ್ಲಿ ಹಿಂದೆ ಗಾಲಿಷ್ ಎಂಬ ಕೆಲ್ಟಿಕ್ ಭಾಷೆ ಇತ್ತು. ಅಲ್ಲಿನ 'ಪೆಟ್ಟಿಯಾ' ಲ್ಯಾಟಿನ್‌ಗೆ ಸೇರಿತು, ಫ್ರೆಂಚ್‌ನಲ್ಲಿ 'ಪಿಯೆಸ್' ಆಯಿತು, ಇಂಗ್ಲಿಷಿನಲ್ಲಿ 'ಪೀಸ್' ಆಯಿತು. ಹಬ್ಬಕ್ಕೆ ಬಂದ ಮುತ್ತೈದೆಯರಿಗೆ ತಾಂಬೂಲದ ಜೊತೆ ಕೊಡುವ ಬ್ಲೌಸ್ ಪೀಸ್‌ನ ಪೀಸ್ ಇದೇ. ಅಂದರೆ ಪೀಟ್ ಮತ್ತು ಪೀಸ್ ದಾಯಾದಿ ಪದಗಳು.

ಪೀಟ್ ಬಗ್ಗೆ ಹೇಳಿ ಟರ್ಫ್ ಬಗ್ಗೆ ಹೇಳದಿದ್ದರೆ ಅರ್ಧ ಕಥೆ ಬಿಟ್ಟಂತೆ. ಐರ್ಲೆಂಡಿನ ಹಳ್ಳಿಯವರು ಇಂಗ್ಲಿಷ್ ಆಡುವಾಗಲೂ ಒಲೆಗೆ ಹಾಕುವುದನ್ನು ಪೀಟ್ ಎನ್ನುವುದಿಲ್ಲ, ಟರ್ಫ್ ಎನ್ನುತ್ತಾರೆ. ಐರಿಷ್‌ನಲ್ಲಿ ಆಡಿದರೆ 'ಮೋನ್'. ಯುರೋಪಿನಲ್ಲಿ ಬೇರೆ ಕಡೆ ಕೇಳಿ ನೋಡಿ. ಜರ್ಮನ್‌ನಲ್ಲಿ ಟೋರ್ಫ್, ಫ್ರೆಂಚ್‌ನಲ್ಲಿ ಟೂರ್ಬ್, ಇಟಾಲಿಯನ್‌ನಲ್ಲಿ ತೋರ್ಬಾ, ರಷ್ಯನ್‌ನಲ್ಲಿ ತೋರ್ಫ್. ಎಲ್ಲವೂ ಒಂದೇ ಪದದ ಮಕ್ಕಳು. ಅದರ ಮೂಲ ಅರ್ಥ ಹುಲ್ಲು ಸಮೇತ ಎತ್ತಿದ ಮಣ್ಣಿನ ಹೆಂಟೆ. ಹುಲ್ಲಿನ ಅರ್ಥ ಉಳಿದ ಕಡೆ ಅದು ಕುದುರೆ ಓಡುವ ನೆಲವಾಯಿತು. ಬೆಂಗಳೂರಿನ ಟರ್ಫ್ ಕ್ಲಬ್ ಗೊತ್ತಲ್ಲ. ಈಗ ಹುಡುಗರು ಫುಟ್‌ಬಾಲ್ ಆಡಲು "ಟರ್ಫ್ ಬುಕ್ ಮಾಡಿದೀವಿ" ಎನ್ನುವುದೂ ಅದೇ ಪದ.

ಆ ಪದದ ಅಣ್ಣನೊಬ್ಬ ನಮ್ಮ ದೇವರ ಕೋಣೆಯಲ್ಲಿದ್ದಾನೆ. ಅದು ದರ್ಭೆ. ತರ್ಪಣ ಕೊಡುವಾಗ ಬೆರಳಿಗೆ ಪವಿತ್ರ ಮಾಡಿ ಹಾಕಿಕೊಳ್ಳುತ್ತಾರಲ್ಲ, ಆ ಹುಲ್ಲು. ಸಂಸ್ಕೃತದ 'ದರ್ಭ' ಎಂದರೆ ಹುಲ್ಲಿನ ಕಟ್ಟು, ಗೊಂಚಲು. ಸದ್ದು ದೂರ ಅನ್ನಿಸಬಹುದು. ಆದರೆ ಲೆಕ್ಕ ಸರಿಯಾಗಿದೆ. ಸಂಸ್ಕೃತದ ದಕಾರ ಇರುವಲ್ಲಿ ಇಂಗ್ಲಿಷಿನಲ್ಲಿ ಟಕಾರ ಬರುತ್ತದೆ: ದಶ ಮತ್ತು ಟೆನ್, ದಂತ ಮತ್ತು ಟೂತ್. ಪದದ ನಡುವೆ ಅಥವಾ ಕೊನೆಯಲ್ಲಿ ಭಕಾರ ಇದ್ದರೆ ಫ ಅಥವಾ ವ ಸದ್ದು ಬರುತ್ತದೆ: ಲೋಭ ಮತ್ತು ಲವ್. ಹಾಗೆ ದರ್ಭ ಮತ್ತು ಟರ್ಫ್. ಇಂಥ ಜೋಡಿಗಳು ಸಾಲುಸಾಲಾಗಿ ಸಿಗುವುದರಿಂದಲೇ ಇದನ್ನು ನಂಬಬಹುದು. ಪಿಟ್ಟು-ಪೀಟ್ ಹೋಲಿಕೆಗೆ ಇಂಥ ಸಾಲು ಸಿಗುವುದಿಲ್ಲ. ಪೀಟ್‌ಗೆ ನಮ್ಮ ಕಡೆ ನೆಂಟರಿದ್ದಾರೆಯೇ ಎಂದು ಕೇಳಿದಿರಿ. ಪೀಟ್‌ಗೆ ಇಲ್ಲ, ಅದರ ಜೊತೆಗಾರ ಟರ್ಫ್‌ಗೆ ಇದ್ದಾರೆ. ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಇಷ್ಟವಾಗುವುದು ಇದೇ.

ಸ್ಕಾಟ್ಲೆಂಡಿನಲ್ಲಿ ಈ ಎರಡು ಪದಗಳು ಎದುರುಬದುರಾಗಿವೆ. ನಾರ್ವೆ ಕಡೆಯಿಂದ ಕಡಲದಾರಿಯಲ್ಲಿ ಬಂದ ವೈಕಿಂಗರು ಅಲ್ಲಿನ ದ್ವೀಪಗಳಲ್ಲಿ ನೆಲೆಸಿದಾಗ ತಮ್ಮ 'ತೋರ್ಫ್' ಪದವನ್ನು ತಂದರು. ಸುಮಾರು 900ರ ಹೊತ್ತಿಗೆ ಆರ್ಕ್ನಿ ದ್ವೀಪಗಳನ್ನು ಆಳುತ್ತಿದ್ದ ಐನಾರ್‌ಗೆ ತೋರ್ಫ್-ಐನಾರ್ ಎಂದೇ ಅಡ್ಡಹೆಸರು. ಸೌದೆ ಇಲ್ಲದ ಊರಲ್ಲಿ ಪೀಟ್ ಕಡಿದು ಉರಿಸುವುದನ್ನು ಅವನೇ ಮೊದಲು ಮಾಡಿದ ಎಂದು ಐಸ್‌ಲ್ಯಾಂಡಿನ ಹಳೆಯ ಕಥನಗಳು ಹೇಳುತ್ತವೆ. ಅವನಿಗಿಂತ ಎಷ್ಟೋ ಮೊದಲೇ ಜನ ಉರಿಸುತ್ತಿದ್ದರು, ಅದು ಬೇರೆ ಮಾತು. ಶೆಟ್ಲೆಂಡ್ ದ್ವೀಪದಲ್ಲಿ ಪೀಟ್ ಕಡಿಯುವ ಗುದ್ದಲಿಗೆ 'ತುಷ್ಕರ್' ಎನ್ನುತ್ತಾರೆ. ವೈಕಿಂಗರ 'ತೋರ್ಫ್‌ಸ್ಕೆರಿ', ಅಂದರೆ ಟರ್ಫ್ ಕತ್ತರಿಸುವ ಸಾಧನ, ಸವೆದು ತುಷ್ಕರ್ ಆಗಿದೆ. ಕಡಿಯುವ ಸಾಧನದ ಹೆಸರು ಒಂದು ಜನರದು, ಕಡಿದ ತುಂಡಿನ ಹೆಸರು ಇನ್ನೊಂದು ಜನರದು.

ಬಳಸುತ್ತಾ ಬಳಸುತ್ತಾ ಪೀಟ್ ಪದದ ಅರ್ಥ ಹಿಗ್ಗಿತು. ತುಂಡಿನಿಂದ ವಸ್ತುವಿಗೆ, ವಸ್ತುವಿನಿಂದ ಇಡೀ ನೆಲಕ್ಕೆ. ನಿಮ್ಮ ಮಗಳ ಪುಸ್ತಕದ ಅರ್ಥ ಭೂವಿಜ್ಞಾನಿಗಳದು. ಪೀಟ್ ಲಕ್ಷಾಂತರ ವರ್ಷ ಮಣ್ಣಿನಡಿ ಒತ್ತಡ, ಬಿಸಿಗೆ ಸಿಕ್ಕರೆ ಮೊದಲು ಲಿಗ್ನೈಟ್ ಎಂಬ ಕಂದು ಕಲ್ಲಿದ್ದಲು, ಆಮೇಲೆ ಗಟ್ಟಿ ಕಲ್ಲಿದ್ದಲು ಆಗುತ್ತದೆ. ಆದ್ದರಿಂದ ಅದನ್ನು ಕಲ್ಲಿದ್ದಲಿನ ಮೊದಲ ಮೆಟ್ಟಿಲು ಎನ್ನುವುದು ಸರಿ, ಕಲ್ಲಿದ್ದಲೇ ಎನ್ನುವುದು ಅಷ್ಟು ಸರಿಯಲ್ಲ. ವಿಸ್ಕಿ ಮಾಡುವವರ ಬಾಯಲ್ಲಿ ಪೀಟ್ ಎಂದರೆ ಹೊಗೆಯ ವಾಸನೆ. ಮೊಳಕೆ ಬಂದ ಬಾರ್ಲಿಯನ್ನು ಪೀಟ್ ಹೊಗೆಯಲ್ಲಿ ಒಣಗಿಸುತ್ತಾರೆ. ಬೆಂಗಳೂರಿನ ಅಮೃತ್ ಕಂಪನಿ ಕೂಡ ಅಂಥ ಬಾರ್ಲಿಯನ್ನು ಸ್ಕಾಟ್ಲೆಂಡಿನಿಂದ ತರಿಸುತ್ತದೆ. ಮಲಯ ದ್ವೀಪಗಳ ಕಡೆ ಹೋದರೆ ಇದಕ್ಕೆ 'ಗಂಬುಟ್' ಎನ್ನುತ್ತಾರೆ. 1997 ಮತ್ತು 2015ರಲ್ಲಿ ಇಂಡೋನೇಷ್ಯಾದಲ್ಲಿ ತಿಂಗಳುಗಟ್ಟಲೆ ಹೊಗೆ ಕವಿದದ್ದು ನೀರು ಬಸಿದು ಒಣಗಿಸಿದ ಈ ಗಂಬುಟ್ ನೆಲಕ್ಕೆ ಬೆಂಕಿ ಬಿದ್ದಾಗ.

ತೋಟಗಾರರ ಅರ್ಥ ಕೊನೆಯದು. ಪೀಟ್ ನೀರನ್ನು ಹಿಡಿದಿಡುತ್ತದೆ, ಹಗುರ, ಬೇರು ಸಲೀಸಾಗಿ ಇಳಿಯುತ್ತದೆ. ಹಾಗಾಗಿ ಇಪ್ಪತ್ತನೇ ಶತಮಾನದಲ್ಲಿ ಯುರೋಪ್, ಕೆನಡಾದ ನರ್ಸರಿಗಳು ಅದನ್ನು ರಾಶಿರಾಶಿಯಾಗಿ ಬಳಸತೊಡಗಿದವು. ಇಲ್ಲಿ ಒಂದು ಮಾತು ಹೇಳಲೇಬೇಕು. ಭೂಮಿಯ ನೆಲದಲ್ಲಿ ಪೀಟ್ ಇರುವುದು ನೂರಕ್ಕೆ ಮೂರು ಪಾಲು ಮಾತ್ರ. ಆದರೆ ಜಗತ್ತಿನ ಎಲ್ಲ ಕಾಡುಗಳ ಮರಗಿಡಗಳಲ್ಲಿ ಇರುವುದಕ್ಕಿಂತ ಜಾಸ್ತಿ ಇಂಗಾಲ ಅದರಲ್ಲಿ ಅಡಗಿದೆ. ಆಫ್ರಿಕಾದ ಕಾಂಗೋ ನದಿಯ ಬಯಲಿನಲ್ಲಿ ಕರ್ನಾಟಕದ ಮುಕ್ಕಾಲು ಭಾಗದಷ್ಟು ಪೀಟ್ ನೆಲ ಇದೆ ಎಂದು ವಿಜ್ಞಾನಿಗಳು ನಕ್ಷೆ ಮಾಡಿ ತೋರಿಸಿದ್ದು 2017ರಲ್ಲಿ. ನೀರು ಬಸಿದು ಗಾಳಿಗೆ ಒಡ್ಡಿದರೆ ಸಾವಿರಾರು ವರ್ಷ ತಡೆದಿದ್ದ ಕೊಳೆತ ಮತ್ತೆ ಶುರುವಾಗಿ, ಆ ಇಂಗಾಲ ಗಾಳಿಗೆ ಸೇರುತ್ತದೆ. ಐರ್ಲೆಂಡಿನ ಸರ್ಕಾರಿ ಕಂಪನಿ ಬೋರ್ಡ್ ನಾ ಮೋನಾ 2021ರಲ್ಲಿ ಪೀಟ್ ತೆಗೆಯುವುದನ್ನು ನಿಲ್ಲಿಸುವುದಾಗಿ ಹೇಳಿತು. ಅದರ ಹೆಸರಿನಲ್ಲೇ 'ಮೋನಾ' ಇದೆ, ಪೀಟ್‌ನ ಐರಿಷ್ ಹೆಸರು 'ಮೋನ್'ನ ಇನ್ನೊಂದು ರೂಪ.

ಪೀಟ್‌ಗೆ ಬದಲಿ ಬೇಕು ಎಂದಾಗ ಸಿಕ್ಕಿದ್ದು ನಿಮ್ಮೂರಿನ ಸುತ್ತ ರಾಶಿ ಬೀಳುವ ನಾರಿನ ಪುಡಿ. ತೆಂಗಿನ ಸಿಪ್ಪೆಯಿಂದ ನಾರು ಬಿಡಿಸಿದ ಮೇಲೆ ಉಳಿಯುವುದು. ಹಿಂದೆ ಅದನ್ನು ಕಸ ಎಂದು ನಾರಿನ ಮಿಲ್ಲುಗಳ ಪಕ್ಕ ಗುಡ್ಡೆ ಹಾಕುತ್ತಿದ್ದರು. ಪೀಟ್ ಮಾಡುವ ಕೆಲಸವನ್ನೇ ಇದೂ ಮಾಡುವುದರಿಂದ ಮಾರುವವರು ಕೋಕೋಪೀಟ್ ಎಂದು ಹೆಸರಿಟ್ಟರು. ಅದರಲ್ಲಿ ಜೌಗಿಲ್ಲ, ಸಾವಿರ ವರ್ಷದ ಕಾಯುವಿಕೆಯೂ ಇಲ್ಲ. ಪ್ರತಿ ವರ್ಷ ಮರ ಕೊಡುತ್ತದೆ. ಅದಕ್ಕೇ ನಿಜವಾದ ಪೀಟ್‌ಗಿಂತ ನಿಮ್ಮ ಕೋಕೋಪೀಟ್ ಒಳ್ಳೆಯದು ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ನಿಜವಾದ ಪೀಟ್ ನಮಗೆ ತೀರಾ ದೂರವೂ ಅಲ್ಲ. ನೀಲಗಿರಿ ಬೆಟ್ಟದ ಮೇಲಿನ ಕಣಿವೆಗಳಲ್ಲಿ ಇದೆ. ಕನ್ನಡಕ್ಕೆ ತೀರಾ ಹತ್ತಿರದ ಮಾತಾಡುವ ಬಡಗರ ನಾಡು ಅದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಜೊತೆಗಾರರು ಆ ಪೀಟ್ ಪದರಗಳನ್ನು ಪರೀಕ್ಷಿಸಿ, ಸುಮಾರು 20,000 ವರ್ಷಗಳಲ್ಲಿ ಅಲ್ಲಿ ಮಳೆ ಯಾವಾಗ ಹೆಚ್ಚಿತ್ತು, ಯಾವಾಗ ಒಣಗಿತ್ತು ಎಂದು 1993ರಲ್ಲಿ ತೋರಿಸಿದರು. ಕೇರಳದ ಕುಟ್ಟನಾಡಿನಲ್ಲಿ ಇಂಥದ್ದೇ ಕಪ್ಪು, ಹುಳಿ ಮಣ್ಣಿನ ಗದ್ದೆಗಳಿವೆ. ಅಲ್ಲಿನ ರೈತರು 'ಕರಿನಿಲಂ' ಎನ್ನುತ್ತಾರೆ.

ಕೊನೆಗೆ ಕನ್ನಡದ ಹೆಸರು. ಕೆಲವರು 'ಸಸ್ಯಾಂಗಾರ' ಎಂದು ಬರೆಯುತ್ತಾರೆ. ಅಂಗಾರ ಎಂದರೆ ಕೆಂಡ, ಇದ್ದಿಲು. ಓದಿದವರಿಗೆ ಸುಟ್ಟ ಗಿಡ ಎಂಬ ಚಿತ್ರ ಬರುತ್ತದೆ, ಪೀಟ್ ಸುಟ್ಟದ್ದಲ್ಲ. 'ಜೌಗುಮಣ್ಣು' ಎಂದರೆ ಕೆರೆಯಂಗಳದ ಕೆಸರೂ ಅದರಲ್ಲಿ ಸೇರಿಬಿಡುತ್ತದೆ. ನಾನಾದರೆ ಪೀಟ್ ಎಂದೇ ಬರೆಯುತ್ತೇನೆ, ಮೊದಲ ಸಲ ಬಂದಾಗ 'ಜೌಗಿನಲ್ಲಿ ಪೂರ್ತಿ ಕೊಳೆಯದೆ ಉಳಿದ ಗಿಡಗಳ ಒಟ್ಟಿಲು' ಎಂದು ಒಂದು ಸಾಲು ಸೇರಿಸುತ್ತೇನೆ. ಮಗಳಿಗೂ ಹಾಗೇ ಹೇಳಿ. ಕೋಕೋಪೀಟ್‌ಗೆ ಮಾತ್ರ ಬೇರೆ ಪದ ಹುಡುಕಬೇಕಿಲ್ಲ. ನಾರಿನ ಪುಡಿ ಎಂದರೆ ತಿಪಟೂರಿನಲ್ಲಿ ಯಾರಿಗಾದರೂ ಗೊತ್ತಾಗುತ್ತದೆ.